ಮೊಣಕೈಗೊಂದು ಕಾಲ

ಹೆಣ್ಣಿನ ಮೈಮೇಲೆ ಚಿನ್ನ ಹೇರಲು ಜಾಗ ಹುಡುಕಿದ ನಮ್ಮ ಹಿರಿಯರ ಶ್ರದ್ಧೆಯನ್ನು ಮೆಚ್ಚಲೇಬೇಕು. ನೆತ್ತಿಗೆ ಬೈತಲೆಬೊಟ್ಟು, ಕಿವಿಗೆ ಓಲೆ, ಅದೂ ಸಾಲದೆಂದು ಕಿವಿಯಿಂದ ಕೂದಲಿಗೆ ಮಾಟಿ, ಮೂಗಿಗೆ ನತ್ತು, ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ಮುಂಗೈಗೆ ಬಳೆ, ಬೆರಳಿಗೆ ಉಂಗುರ, ಕಾಲಿನ ಬೆರಳನ್ನೂ ಬಿಡದೆ ಕಾಲುಂಗುರ. ತೋಳಿನಿಂದ ಮುಂಗೈಗೆ ಇಳಿಯುವ ದಾರಿಯಲ್ಲಿ ಮೊಣಕೈ ಸಿಕ್ಕೇ ಸಿಗುತ್ತದೆ. ಆದರೂ ಅಕ್ಕಸಾಲಿಗರು ಅದನ್ನು ಕಂಡೂ ಕಾಣದಂತೆ ದಾಟಿ ಹೋದರು. ಕವಿಗಳೇನು ಕಡಿಮೆ? ಮೂಗಿಗೆ ಸಂಪಿಗೆ, ತೊಡೆಗೆ ಬಾಳೆದಿಂಡು ಎಂದು ತೋಟವನ್ನೆಲ್ಲ ಕೊಯ್ದು ತಂದವರು ಮೊಣಕೈ ಹತ್ತಿರ ಬರುವಾಗ ಬರಿಗೈ. ಮಾತಿನಲ್ಲಿ ಅದು ಬರುವುದು ಬೆಲ್ಲ ಸವರಿಸಿಕೊಳ್ಳಲು ಮಾತ್ರ, ಅದೂ ನಾಲಿಗೆಗೆ ಎಟುಕದ ಜಾಗ ಎಂಬ ಏಕೈಕ ಅರ್ಹತೆಯಿಂದ. ಉಳಿದಂತೆ ಬಸ್ಸಿನಲ್ಲಿ ಪಕ್ಕದವರನ್ನು ತಿವಿಯಲು ಅದರ ಬಳಕೆ. ಹಾಸನದಿಂದ ಬೇಲೂರಿಗೆ ಹಬ್ಬದ ದಿನ ನಿಂತು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ವರ್ಷ ತುಟಿಪಿಟಿಕ್ಕೆನ್ನದೆ ದುಡಿದ ಈ ಕೀಲು, ಮನುಷ್ಯರಿಗೆ ನಲವತ್ತರ ಆಜುಬಾಜು ಬಂದಾಗ ನೋವಾಗಿ ಹಾಜರಿ ಕೂಗುತ್ತದೆ. ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಈ ನೋವು ಇರುತ್ತದಂತೆ; ಹೆಚ್ಚಿನವರು 35ರಿಂದ 55ರ ಒಳಗಿನವರು, ಹೆಚ್ಚಿನ ಸಲ ನೋಯುವುದು ದುಡಿಯುವ ಕೈ. ನನಗೂ ಬಲಗೈಯೇ. ಒಲೆಯ ಮೇಲಿನ ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಎತ್ತಿದರೆ ಮೊಣಕೈಯ ಹೊರಬದಿಯ ಮೂಳೆಯ ತುದಿಯಿಂದ ಒಂದು ಚಳುಕು ಹೊರಟು ಮುಂಗೈವರೆಗೆ ಬರುತ್ತಿತ್ತು. ಬಾಗಿಲ ಚಿಲಕ ತಿರುಗಿಸಿದರೆ ನೋವು, ನೀರಿನ ಜಗ್ಗು ಬಗ್ಗಿಸಿದರೆ ನೋವು. ಮಾತ್ರೆಯ ಸ್ಟ್ರಿಪ್ಪು ಹರಿಯಲೂ ನೋವು ಎಂದಾಗ ಮಾತ್ರ ಇದೇನೋ ದುಷ್ಟತನದ್ದೇ ಅನ್ನಿಸಿತು.

ಮನೆಯಲ್ಲಿ ಕಾರಣಗಳ ಪತ್ತೇದಾರಿ ಶುರುವಾಯಿತು. ನಮ್ಮವರ ಪ್ರಕಾರ ಅಪರಾಧಿ ಮೊಬೈಲು. ಮನೆಯಲ್ಲಿ ಯಾರಿಗೆ ಏನೇ ಆದರೂ ಅವರು ಹೇಳುವುದು ಅದನ್ನೇ, ಮೊಬೈಲು ನೋಡುತ್ತಲೇ. ಅತ್ತೆಯ ಪ್ರಕಾರ ಸ್ಕೂಟರು. ನನ್ನ ಅನುಮಾನ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಮೇಲಿತ್ತು. ಕನ್ನಡ ಉತ್ತರಪತ್ರಿಕೆಯಲ್ಲಿ ಕಾಗುಣಿತ ತಿದ್ದುತ್ತಾ ಹೋದರೆ ಕೈ ಉಳಿದೀತೇ? ಆದರೆ ಅದೇ ಹೊತ್ತಿಗೆ ವಾಷಿಂಗ್ ಮೆಷಿನ್ನು ಕೆಟ್ಟು ಕೂತಿತ್ತು, ಬೆಡ್‌ಶೀಟುಗಳನ್ನೆಲ್ಲ ಕೈಯಲ್ಲೇ ಹಿಂಡಿದ್ದೆ. ಜೊತೆಗೆ ರಜೆಗೆ ಬಂದ ನೆಂಟರಿಗೆಲ್ಲ ದಿನಾ ಮುದ್ದೆ ತಿರುವಿದ್ದೆ. ನಮ್ಮ ಕಡೆಯ ಹಿಟ್ಟಿನ ಕೋಲು ಹಿಡಿದವರಿಗೆ ಗೊತ್ತು, ಎಂಟು ಜನರ ಮುದ್ದೆಯನ್ನು ಗಂಟಿಲ್ಲದೆ ತಿರುವುವುದು ಯಾವ ಜಿಮ್ಮಿಗೂ ಕಡಿಮೆಯಲ್ಲ.

ಪತ್ತೆಯಾಗುವ ಮೊದಲೇ ಚಿಕಿತ್ಸೆ ಹೊರಟಿತು. ಅತ್ತೆ ಹರಳೆಣ್ಣೆ ಸವರಿ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು. ಎದುರುಮನೆಯ ಒಬ್ಬರು ಕಾಲು ಮುಂದಾಗಿ ಹುಟ್ಟಿದವರು. ಬೆನ್ನು ಉಳುಕಿದವರಿಗೆ ಕಾಲಲ್ಲಿ ಒಂದು ಒದ್ದು ಸರಿಮಾಡುವ ಅಧಿಕಾರ ಅವರಿಗೆ ಹುಟ್ಟಿನಿಂದಲೇ ಬಂದಿದೆ. ಮೊಣಕೈಯೂ ಆಗಬಹುದು ಎಂದು ಅವರು ಉದಾರವಾಗಿ ಮುಂದೆ ಬಂದರು, ನಾನು ಹಿಂದೆ ಸರಿದೆ. ಪುತ್ತೂರು ಕಟ್ಟು ಹಾಕಿಸಲು ಹೇಳಿದವರಿದ್ದಾರೆ. ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, "ಒಂದು ಇಂಜೆಕ್ಷನ್ ಮೇಡಂ, ಮೂರನೇ ದಿನಕ್ಕೆ ನೋವೇ ಮಾಯ" ಎಂದು ತಮ್ಮ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದರು. ಆ ಕೈಯ ಮುಂದಿನ ಕತೆ ಆಮೇಲೆ ಹೇಳುತ್ತೇನೆ.

ಕೊನೆಗೆ ಮೂಳೆ ಡಾಕ್ಟರು ಎರಡು ಕಡೆ ಒತ್ತಿ ನೋಡಿ, "ಟೆನಿಸ್ ಎಲ್ಬೋ, ಫಿಸಿಯೋಥೆರಪಿ ಮಾಡಿಸಿ" ಎಂದು ಬರೆದುಕೊಟ್ಟರು. ಕಾಯಿಲೆಗೆ ಹೆಸರು ಸಿಕ್ಕಿದ್ದೇ ನಮ್ಮ ಮನೆಯಲ್ಲಿ ನನ್ನ ಅಂತಸ್ತು ಏರಿತು. ಸಚಿನ್ ತೆಂಡೂಲ್ಕರ್ ಪುಣ್ಯ. 2004ರಲ್ಲಿ ಅವರ ಮೊಣಕೈ ಕೈಕೊಟ್ಟಾಗ ಇಡೀ ದೇಶ ಈ ಕೀಲಿನ ಪಾಠ ಕಲಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದವರು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೆಸ್ಟ್ ಆಡಿದಾಗ ಸಚಿನ್ ಇರಲಿಲ್ಲ, ಚೆನ್ನೈಯಲ್ಲೂ ಇರಲಿಲ್ಲ, ನಾಗಪುರಕ್ಕೆ ಬಂದರು. ಮುಂದಿನ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯೇ ಆಯಿತು. ಬೆಂಗಳೂರಿನ ಆ ಟೆಸ್ಟಿಗೆ ಟಿಕೆಟ್ ಹಿಡಿದು ಹೋಗಿ ಮೋಸವಾದ ನಮ್ಮವರ ಸ್ನೇಹಿತರೊಬ್ಬರು ಇವತ್ತಿಗೂ ಮೊಣಕೈ ಎಂದರೆ ಮುಖ ಗಂಟಿಕ್ಕುತ್ತಾರೆ. ಅತ್ತೆಗೆ ಮಾತ್ರ ಹೆಮ್ಮೆ. "ನಮ್ ಸೊಸೆಗೆ ಸಚಿನ್‌ಗೆ ಬಂದಿತ್ತಲ್ಲ, ಅದೇ ಬಂದೈತೆ" ಎಂದು ತರಕಾರಿಯವನಿಗೂ ಹೇಳಿದರು. ಅವನು ಕೊತ್ತಂಬರಿ ಸೊಪ್ಪು ಪುಕ್ಕಟೆ ಕೊಟ್ಟ.

ಆಮೇಲೆ ಅತ್ತೆಗೆ ಇನ್ನೊಂದು ಸಂಶಯ ಬಂತು. ಪಕ್ಕದ ಕೊಡಗಿನ ರೋಹನ್ ಬೋಪಣ್ಣ ಜೀವಮಾನವೆಲ್ಲ ಟೆನಿಸ್ ಆಡಿ, 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ಒಂದನೇ ನಂಬರಿನವರಾದದ್ದನ್ನು ಟೀವಿಯಲ್ಲಿ ನೋಡಿದ್ದಾರೆ. "ಆ ಪಾಟಿ ಆಡೋನಿಗಿಲ್ಲದ್ದು ಮುದ್ದೆ ತಿರುವೋಳಿಗೆ ಹೆಂಗ್ ಬಂತು?" ನ್ಯಾಯವಾದ ಪ್ರಶ್ನೆ. ಒಂದೇ ಕೈಯ ಬ್ಯಾಕ್‌ಹ್ಯಾಂಡ್ ಹೊಡೆತವನ್ನು ಈ ನೋವಿಗೆ ಹೊಣೆ ಮಾಡುವುದು ವಾಡಿಕೆ, ಬೋಪಣ್ಣನವರದ್ದು ಒಂದೇ ಕೈಯ ಬ್ಯಾಕ್‌ಹ್ಯಾಂಡೇ. ಆದರೆ ಪಳಗಿದ ಆಟಗಾರರು ಮಣಿಕಟ್ಟನ್ನು ಗಟ್ಟಿಯಾಗಿ ಹಿಂದಕ್ಕೆ ನಿಲ್ಲಿಸಿಕೊಂಡು ಭುಜದಿಂದ ಹೊಡೆಯುತ್ತಾರೆ. ಕಲಿಯುವವರು ಮಣಿಕಟ್ಟು ಬಾಗಿಸಿ ಹೊಡೆಯುತ್ತಾರೆ, ಏಟು ಮೊಣಕೈಗೆ ಹೋಗುತ್ತದೆ. ಮುದ್ದೆ ತಿರುವಲು ನಮಗೆ ಯಾರೂ ಕೋಚಿಂಗ್ ಕೊಟ್ಟಿಲ್ಲ.

ಇತಿಹಾಸ ಕೆದಕಿದಾಗ ನನಗೆ ಸಿಟ್ಟು ಬರುವ ಒಂದು ಸಂಗತಿಯೂ ಸಿಕ್ಕಿತು. ಈ ನೋವನ್ನು ಮೊದಲು ವರ್ಣಿಸಿದ್ದು ರುಂಗೆ ಎಂಬ ಜರ್ಮನ್ ವೈದ್ಯ, 1873ರಲ್ಲಿ, ಬರೆಯುವವರ ಕೈಯಲ್ಲಿ. ಲಾನ್ ಟೆನಿಸ್ ಆಟಕ್ಕೆ ವಿಂಗ್‌ಫೀಲ್ಡ್ ಎಂಬ ಮೇಜರ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1874ರಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ ಇಂಗ್ಲಿಷ್ ವೈದ್ಯ ಪತ್ರಿಕೆಗಳು ಮೊಣಕೈಯನ್ನು ಆಟಗಾರರ ಹೆಸರಿಗೆ ಖಾತೆ ಮಾಡಿಕೊಟ್ಟವು. ಗುಮಾಸ್ತರು, ಮೇಷ್ಟ್ರುಗಳು ಬೆವರು ಸುರಿಸಿ ಸಂಪಾದಿಸಿದ ಕಾಯಿಲೆ ಕ್ಲಬ್ಬಿನವರ ಪಾಲಾಯಿತು. ಶಿಕ್ಷಕರ ಸಂಘದವರು ಇಂಥದ್ದರ ಬಗ್ಗೆ ಮನವಿ ಕೊಡುವುದಿಲ್ಲ.

ಫಿಸಿಯೋಥೆರಪಿ ಕ್ಲಿನಿಕ್ಕು ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿತ್ತು. ಮಂಡಿನೋವಿನವರು ಹತ್ತಲಾರದ ಮೆಟ್ಟಿಲುಗಳ ತುದಿಯಲ್ಲೇ ಇಂಥ ಕ್ಲಿನಿಕ್ಕುಗಳು ಯಾಕಿರುತ್ತವೋ. ಹತ್ತಿ ಬಂದವರು ಅರ್ಧ ವಾಸಿಯಾದವರೆಂದು ಲೆಕ್ಕ ಇರಬಹುದು. ಒಳಗೆ ಹಸಿರು ಪರದೆಗಳ ನಡುವೆ ಮಂಚಗಳು, ಗೋಡೆಗೆ ಭುಜ ತಿರುಗಿಸುವ ಚಕ್ರ, ಬೆರಳು ಹತ್ತಿಸುವ ಮರದ ಏಣಿ, ಸೂರಿಗೆ ಕಟ್ಟಿದ ರಾಟೆ. ಭುಜ ಹಿಡಿದುಕೊಂಡ ಒಬ್ಬ ನಿವೃತ್ತ ತಹಸೀಲ್ದಾರರು ಆ ಏಣಿಯ ಮೇಲೆ ಬೆರಳುಗಳನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತಾ, ಹತ್ತಿದ ಎತ್ತರವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಸಮೇತ ಸಹಿ ಮಾಡುತ್ತಿದ್ದರು.

ಫಿಸಿಯೋ ಇಪ್ಪತ್ತೈದು ದಾಟದ ಹುಡುಗಿ. ನನ್ನ ಮುಷ್ಟಿ ಕಟ್ಟಿಸಿ ಮಣಿಕಟ್ಟನ್ನು ಮೇಲಕ್ಕೆತ್ತಲು ಹೇಳಿ ತಾನು ಕೆಳಗೆ ಒತ್ತಿದಳು. ನನ್ನ ಕೂಗಿಗೆ ತಹಸೀಲ್ದಾರರ ಬೆರಳು ಎರಡು ಮೆಟ್ಟಿಲು ಜಾರಿತು. ಆಮೇಲೆ ಕೈ ನೀಡಿಸಿ, ಅಂಗೈ ಕೆಳಮುಖ ಮಾಡಿಸಿ, ನಡುಬೆರಳೊಂದನ್ನೇ ಎತ್ತಿ ಹಿಡಿಯಲು ಹೇಳಿ ಅದನ್ನು ಒತ್ತಿದಳು. ಒತ್ತಿದ್ದು ಬೆರಳು, ನೊಂದದ್ದು ಮೊಣಕೈ. ಕಾರಣ ಕೇಳಿದಾಗ ಅವಳೇ ನನ್ನ ಕೈಮೇಲೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದಳು. ತೋಳಿನ ಮೂಳೆಯ ಕೆಳತುದಿಯ ಹೊರಗುಬ್ಬಿನಲ್ಲಿ ಒಂದು ಸಣ್ಣ ಸ್ನಾಯು ಹುಟ್ಟುತ್ತದೆ. ಅದು ಮುಂಗೈ ಮೇಲೆ ಹಾದು ನಡುಬೆರಳಿನ ಸಾಲಿನ ಅಂಗೈಮೂಳೆಯ ಬುಡಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವುದು ಅದರ ಉದ್ಯೋಗ. ನಾವು ಏನನ್ನೇ ಬಿಗಿಯಾಗಿ ಹಿಡಿದರೂ, ಬೆರಳುಗಳು ಮಡಚುವ ರಭಸಕ್ಕೆ ಮಣಿಕಟ್ಟು ಬಾಗಿಹೋಗದಂತೆ ಹಿಂದಿನಿಂದ ಎಳೆದು ನಿಲ್ಲಿಸುವುದೂ ಅದೇ. ಇಕ್ಕಳ, ಪೊರಕೆ, ಸ್ಕೂಟರಿನ ಹ್ಯಾಂಡಲ್ಲು, ಹಿಟ್ಟಿನ ಕೋಲು, ಎಲ್ಲದರ ಹಿಂದೆ ಈ ಬಡಪಾಯಿ. ಹಿಡಿದದ್ದು ಬೆರಳು ಎಂದು ಲೋಕ ಹೊಗಳುತ್ತದೆ.

"ನೋವು ಹತ್ತಕ್ಕೆ ಎಷ್ಟು ಮೇಡಂ?" ಎಂದಳು.

ಇಪ್ಪತ್ತು ವರ್ಷಕ್ಕೂ ಮೀರಿ ಅಂಕ ಕೊಟ್ಟವಳನ್ನು ಕೇಳುವ ಪ್ರಶ್ನೆಯೇ ಇದು? ಹತ್ತಕ್ಕೆ ಹತ್ತು ನಾನು ಯಾರಿಗೂ ಕೊಟ್ಟದ್ದಿಲ್ಲ. ನೋವು ಜೋರಾಗಿತ್ತು, ನಿಜ. ಆದರೆ ಇದಕ್ಕಿಂತ ಉತ್ತಮ ನೋವು ಮುಂದೆ ಬಂದರೆ ಅದಕ್ಕೆ ಏನು ಉಳಿಸಿಕೊಳ್ಳುವುದು? ಯೋಚಿಸಿ ಆರೂವರೆ ಎಂದೆ. ಪರದೆಯ ಆಚೆಯಿಂದ ಆಲೂರು ಕಡೆಯ ಒಬ್ಬ ಅಜ್ಜಿ, "ನಂದು ಹನ್ನೆರಡು ಅಂತ ಬರ್ಕೊ ಮಗ" ಎಂದರು. ಆ ಹುಡುಗಿ ತಾಳ್ಮೆಯಿಂದ, "ಅಜ್ಜಿ, ಹತ್ತಕ್ಕಿಂತ ಜಾಸ್ತಿ ಇಲ್ಲ" ಎಂದರೆ, "ನಿನ್ ಪುಸ್ತಕದಲ್ಲಿ ಇಲ್ದಿದ್ರೆ ನನ್ ಮಂಡೀಲೂ ಇಲ್ವಾ?" ಎಂಬ ಉತ್ತರ ಬಂತು. ಅದಕ್ಕೆ ಮರುಮೌಲ್ಯಮಾಪನವಿಲ್ಲ.

ಮೊದಮೊದಲ ಸಿಟ್ಟಿಂಗುಗಳಲ್ಲಿ ಕರೆಂಟು ಕೊಟ್ಟರು. ನಮ್ಮೂರಲ್ಲಿ ಫಿಸಿಯೋಥೆರಪಿ ಎಂದರೆ ಕರೆಂಟು ಕೊಡಿಸಿಕೊಳ್ಳುವುದು ಎಂದೇ ಅರ್ಥ. ಒದ್ದೆ ಸ್ಪಂಜಿನ ಬಟ್ಟಲುಗಳನ್ನು ಕೈಗೆ ಕಚ್ಚಿಸಿ, ಸೆಕೆಂಡಿಗೆ ನಾಲ್ಕು ಸಾವಿರ ಸಲದಷ್ಟು ಅದುರುವ ಎರಡು ಮಿದು ವಿದ್ಯುತ್ ಪ್ರವಾಹಗಳನ್ನು ಒಂದಕ್ಕೊಂದು ಅಡ್ಡ ಹಾಯಿಸುತ್ತಾರೆ. ಚರ್ಮದಡಿ ಇರುವೆ ಹರಿಯುತ್ತದೆ, ಹಿತವಾಗಿರುತ್ತದೆ. ಬಂದವರ ನಂಬಿಕೆಯೆಲ್ಲ ಅದರ ಮೇಲೇ. "ಇನ್ನೊಂಚೂರು ಜಾಸ್ತಿ ಇಡು ಮಗ, ಕಾಸು ಕೊಟ್ಟಿಲ್ವಾ?" ಎಂದು ಅಜ್ಜಿ ದಿನವೂ ಚೌಕಾಸಿ ಮಾಡುತ್ತಿದ್ದರು. ಜೆಲ್ಲು ಹಚ್ಚಿ ಅಲ್ಟ್ರಾಸೌಂಡ್ ಕೂಡ ಉಜ್ಜಿದರು. ಇವುಗಳಿಂದ ಈ ನೋವು ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ಓದಿದ್ದೆ. ಅದನ್ನು ಕೇಳಿದಾಗ ಹುಡುಗಿ ದನಿ ತಗ್ಗಿಸಿ, "ಕರೆಂಟು ಇಲ್ದೆ ಬರೀ ಎಕ್ಸರ್‌ಸೈಜ್ ಹೇಳಿದ್ರೆ ನಾಳೆಯಿಂದ ಯಾರೂ ಬರಲ್ಲ ಮೇಡಂ" ಎಂದಳು. ಪಾಠಕ್ಕೆ ಮೊದಲು ಕತೆ ಹೇಳಿ ಮಕ್ಕಳನ್ನು ಕೂರಿಸುವ ನಾನು ಇದಕ್ಕೆ ಏನನ್ನಲಿ?

ಒಂದು ಪಟ್ಟಿಯನ್ನೂ ಕೊಟ್ಟಳು. ಮೊಣಕೈಗೆ ಎರಡು ಬೆರಳಷ್ಟು ಕೆಳಗೆ, ಮುಂಗೈಯ ದಪ್ಪ ಭಾಗಕ್ಕೆ ಬಿಗಿಯುವ ಕಪ್ಪು ಬೆಲ್ಟು. ಸ್ನಾಯುವಿನ ಜಗ್ಗಾಟ ಮೂಳೆಯವರೆಗೆ ಮುಟ್ಟದಂತೆ ಅದು ಅರ್ಧ ದಾರಿಯಲ್ಲೇ ತಡೆಯುತ್ತದೆ. ಅಕ್ಕಸಾಲಿಗರು ಬಿಟ್ಟ ಜಾಗವನ್ನು ಅಂತೂ ವೆಲ್ಕ್ರೋದವರು ಹಿಡಿದರು. ಮದುವೆಯೊಂದಕ್ಕೆ ಅದನ್ನು ಕಟ್ಟಿಕೊಂಡೇ ರೇಷ್ಮೆ ಸೀರೆಯಲ್ಲಿ ಹೋಗಿದ್ದೆ. ಎಲ್ಲಿ ತಗೊಂಡಿರಿ, ಎಷ್ಟಾಯಿತು ಎಂದು ಕೇಳಿದವರ ಸಂಖ್ಯೆ ನನ್ನ ಸರಕ್ಕಿಂತ ಇದಕ್ಕೇ ಹೆಚ್ಚು.

ಏನನ್ನು ಎತ್ತುವುದಿದ್ದರೂ ಅಂಗೈ ಮೇಲ್ಮುಖ ಮಾಡಿ, ಮೊಣಕೈ ಮಡಚಿಕೊಂಡು ಎತ್ತಬೇಕೆಂಬ ಅಪ್ಪಣೆಯೂ ಆಯಿತು. ಭಾರ ಆಗ ಒಳಬದಿಯ ಸ್ನಾಯುಗಳಿಗೆ ಹೋಗುತ್ತದೆ. ಎಂಟನೇ ತರಗತಿಯ ನೋಟ್‌ಬುಕ್ಕಿನ ಕಟ್ಟನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ವರಾಂಡದಲ್ಲಿ ಬರುತ್ತಿದ್ದರೆ ಹುಡುಗನೊಬ್ಬ, "ಪ್ರಸಾದನಾ ಮಿಸ್?" ಎಂದ. ಒಳಗೆ ಅವನ ಅಂಕಗಳಿದ್ದವು.

ಆದರೆ ಇವೆಲ್ಲ ಪೀಠಿಕೆ. ನಿಜವಾದ ಮದ್ದು ಬಂದದ್ದು ನೋವು ಕೊಂಚ ಇಳಿದ ಮೇಲೆ. ಮುಂಗೈಯನ್ನು ಮೇಜಿನ ಮೇಲಿಟ್ಟು ಮಣಿಕಟ್ಟು ಅಂಚಿನಿಂದ ಆಚೆ ಇರಬೇಕು, ಅಂಗೈ ಕೆಳಗೆ. ಕೈಯಲ್ಲಿ ಅರ್ಧ ಲೀಟರು ನೀರಿನ ಬಾಟಲಿ. ಎಡಗೈಯಿಂದ ಬಲಮುಷ್ಟಿಯನ್ನು ಮೇಲೆತ್ತಿ ಕೊಟ್ಟು, ಆಮೇಲೆ ಎಡಗೈ ಬಿಟ್ಟು, ಬಲಗೈ ತಾನೇ ನಿಧಾನವಾಗಿ ಬಾಟಲಿಯನ್ನು ಇಳಿಸಬೇಕು. ಎತ್ತುವುದು ಲೆಕ್ಕಕ್ಕಿಲ್ಲ, ಇಳಿಸುವುದೇ ವ್ಯಾಯಾಮ. ಇಳಿಸುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಆ ಎಳೆತವೇ ಮೂಳೆಗೆ ಅಂಟಿದ ಸ್ನಾಯುರಜ್ಜುವಿಗೆ ರಿಪೇರಿಯ ಸೂಚನೆ. ಐದು ಎಣಿಸುವಷ್ಟು ಹೊತ್ತು ಇಳಿಸಿ ಎಂದರೆ ನಾನು ಎರಡಕ್ಕೇ ಇಳಿಸಿಬಿಡುತ್ತಿದ್ದೆ. "ಮೇಡಂ, ಬಸ್ಸು ತಪ್ಪಿ ಹೋಗಲ್ಲ" ಎನ್ನುತ್ತಿದ್ದಳು. ಮನೆಗೆಲಸದಲ್ಲಿ ಎತ್ತುವುದಕ್ಕೆ ಗಮನ ಇರುತ್ತದೆ, ಇಳಿಸುವುದೆಂದರೆ ಧೊಪ್ಪನೆ ಕುಕ್ಕುವುದು. ನಮ್ಮ ಅಡುಗೆಮನೆಯ ಸದ್ದು ಕೇಳಿದವರಿಗೆ ಇದರ ಸತ್ಯ ತಿಳಿದಿದೆ.

ಇನ್ನೊಂದು ದಿನ ಟವೆಲ್ಲನ್ನು ಸುರುಳಿ ಸುತ್ತಿ ಕೈಗಿತ್ತು, "ಹಿಂಡಿ" ಎಂದಳು. ಅದಕ್ಕೆಂದೇ ತಿರುಚುವ ರಬ್ಬರಿನ ದಂಡ ಬರುತ್ತದಂತೆ. ಆ ವ್ಯಾಯಾಮಕ್ಕೆ ಅಮೆರಿಕದ ಟೈಲರ್ ಎಂಬ ಫಿಸಿಯೋ ಹೆಸರಿದೆ, 2010ರಲ್ಲಿ ಅದರ ಮೇಲೆ ಅಧ್ಯಯನವೂ ಬಂದಿದೆ. ನಮಗೆ ಟವೆಲ್ಲು. "ಅಲ್ಲಮ್ಮ, ಹಿಂಡಿ ಹಿಂಡಿಯೇ ಬಂದ ನೋವಲ್ಲವೇ ಇದು?" ಎಂದೆ. "ಅದು ಬಕೆಟ್ ಮುಂದೆ, ಅವಸರದಲ್ಲಿ. ಇದು ಕುರ್ಚಿ ಮೇಲೆ, ಎಣಿಸಿಕೊಂಡು" ಎಂದಳು.

ಬೆಡ್‌ಶೀಟು ಹಿಂಡಿದ್ದಕ್ಕೆ ಸಾವಿರಾರು ವರ್ಷದಿಂದ ಯಾರೂ ಬೆಲೆ ಕೊಟ್ಟಿಲ್ಲ. ಟವೆಲ್ಲು ಹಿಂಡಲು ನಾನು ಸಿಟ್ಟಿಂಗಿಗೆ 300 ರೂಪಾಯಿ ಕೊಡುತ್ತಿದ್ದೆ. ಆದರೂ ಅವಳ ಮಾತಿನಲ್ಲಿ ಹುರುಳಿತ್ತು. ಈ ನೋವನ್ನು ಬಾವು ಎಂದೇ ವೈದ್ಯರು ಬಹುಕಾಲ ತಿಳಿದಿದ್ದರು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ನಿರ್ಶಲ್ ಮತ್ತು ಪೆಟ್ರೋನ್, ಕೊಯ್ದು ತೆಗೆದ ತುಣುಕುಗಳನ್ನು ನೋಡಿ ಬರೆದದ್ದು ಬೇರೆ: ಅಲ್ಲಿ ಬಾವಿಗಿಂತ ಹೆಚ್ಚಾಗಿ ಕಂಡದ್ದು ಅಡ್ಡಾದಿಡ್ಡಿ ಬೆಳೆದ, ಬಲವಿಲ್ಲದ ಅಂಗಾಂಶ. ಬಹಳ ಸೇದಿದ ಬಾವಿಯ ತೆಂಗಿನ ನಾರಿನ ಹಗ್ಗ ರಾಟೆಗೆ ತಾಗುವ ಕಡೆ ಎಳೆ ಬಿಚ್ಚಿ ನಿಂತಿರುತ್ತದಲ್ಲ, ಆ ಸ್ಥಿತಿ. ಹಗ್ಗಕ್ಕೆ ಎಣ್ಣೆ ಸವರಿದರೂ ಇಂಜೆಕ್ಷನ್ ಚುಚ್ಚಿದರೂ ಎಳೆ ಕೂಡಿಕೊಳ್ಳುವುದಿಲ್ಲ. ಹೊಸ ಎಳೆ ಹೊಸೆಯಬೇಕು, ಹದವಾಗಿ ಜಗ್ಗಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ವ್ಯಾಯಾಮದಲ್ಲಿ ಸ್ವಲ್ಪ ನೋವು ಬಂದರೆ ಪರವಾಗಿಲ್ಲ, ಹತ್ತಕ್ಕೆ ಮೂರೋ ನಾಲ್ಕೋ. ಮರುದಿನಕ್ಕೆ ಅದು ಇಳಿದಿರಬೇಕು, ಇಳಿಯದಿದ್ದರೆ ಭಾರ ಕಡಿಮೆ ಮಾಡಬೇಕು. ಈ ಅಂಕಪದ್ಧತಿ ನನಗೆ ಹಿಡಿಸಿತು. ಜಸ್ಟ್ ಪಾಸಾದರೆ ಸಾಕು ಎಂದ ಹಾಗಾಯಿತು.

ಸಮಾಜದ ಮೇಷ್ಟ್ರ ಕೈ ಎಲ್ಲಿಗೆ ಬಂತು? ದಸರಾ ರಜೆ ಮುಗಿಸಿ ಬಂದಾಗ ಅವರು ಕರ್ಚೀಫನ್ನು ಎಡಗೈಯಲ್ಲಿ ತೆಗೆಯುತ್ತಿದ್ದರು. ನೋವು ತಿರುಗಿ ಬಂದಿತ್ತು, ಬರುವಾಗ ಭುಜದವರೆಗೂ ನೆಂಟರನ್ನು ಕರೆತಂದಿತ್ತು. ಇದು ಅವರೊಬ್ಬರ ಹಣೆಬರಹವಲ್ಲ. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 198 ಜನ ಟೆನಿಸ್ ಎಲ್ಬೋದವರನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಒಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಸುಮ್ಮನೆ ಕಾಯಿರಿ ಎಂಬ ಸಲಹೆ. ಆರು ವಾರಕ್ಕೆ ಇಂಜೆಕ್ಷನ್‌ನವರು ಎಲ್ಲರಿಗಿಂತ ಮುಂದೆ. ವರ್ಷ ತುಂಬುವಾಗ ಎಲ್ಲರಿಗಿಂತ ಹಿಂದೆ. ಮೊದಲು ಗುಣವಾದವರಲ್ಲೇ ಬಹುಪಾಲು ಜನಕ್ಕೆ ನೋವು ಮರಳಿತ್ತು. ಇದನ್ನು ಓದಿ ಮೇಷ್ಟ್ರಿಗೆ ಹೇಳಲು ಉತ್ಸಾಹದಿಂದ ಎದ್ದವಳು ಮುಂದಿನ ಸಾಲು ಓದಿ ಕೂತೆ. ವರ್ಷದ ಕೊನೆಗೆ ಫಿಸಿಯೋಥೆರಪಿ ಮಾಡಿಸಿದವರಿಗೂ ಸುಮ್ಮನೆ ಕಾದವರಿಗೂ ಹೆಚ್ಚು ವ್ಯತ್ಯಾಸವೇ ಉಳಿದಿರಲಿಲ್ಲ!

ಅತ್ತೆ ಮೊದಲ ದಿನವೇ ಹೇಳಿದ್ದರು: "ಬಂದದ್ದು ತಾನಾಗೇ ಹೋಗ್ತದೆ ಬಿಡು." ಆಸ್ಟ್ರೇಲಿಯದವರು ಅಷ್ಟು ಖರ್ಚು ಮಾಡುವ ಬದಲು ಹಾಸನಕ್ಕೆ ಒಂದು ಫೋನ್ ಮಾಡಬಹುದಿತ್ತು. ನಮ್ಮವರು ಕೂಡಲೇ ಸಿಟ್ಟಿಂಗುಗಳ ಒಟ್ಟು ಖರ್ಚಿನ ಲೆಕ್ಕಕ್ಕೆ ಕೂತರು. ಅವರಿಗೆ ನಾನು ಹೇಳಿದ್ದು ಇಷ್ಟೇ. ಆರು ವಾರದ ಹೊತ್ತಿಗೆ ಕಾದವರಿಗಿಂತ ಫಿಸಿಯೋದವರು ಸ್ಪಷ್ಟವಾಗಿ ಮುಂದಿದ್ದರು. ಕೊನೆಗೆ ಎಲ್ಲರೂ ಒಂದೇ ಊರು ಮುಟ್ಟುತ್ತಾರೆ ಸರಿ, ಆದರೆ ನಡುವಿನ ತಿಂಗಳುಗಳಲ್ಲಿ ದಿನಾ ಬೆಳಗಾಗುತ್ತದೆ, ಹಾಲು ಉಕ್ಕುತ್ತದೆ, ಇಕ್ಕಳ ಹಿಡಿಯಬೇಕು. ಸುಮ್ಮನೆ ಕಾಯಿರಿ ಎಂದು ಸಲಹೆ ಪಡೆದ ಬ್ರಿಸ್ಬೇನಿನವರ ಮನೆಯಲ್ಲಿ ಮುದ್ದೆ ಯಾರು ತಿರುವುತ್ತಿದ್ದರು ಎಂದು ಯಾರೂ ಬರೆದಿಲ್ಲ.

ನಮ್ಮ ಮನೆಯಲ್ಲಿ ಆ ತಿಂಗಳುಗಳಲ್ಲಿ ತಿರುವಿದ್ದು ನಮ್ಮವರು. ಮೊದಲ ವಾರ ಗಂಟುಗಳ ನಡುವೆ ಹುಡುಕಿದರೆ ಮುದ್ದೆ ಸಿಗುತ್ತಿತ್ತು. ಅತ್ತೆ ಮಗನ ಕೈಯ ಮುದ್ದೆಯನ್ನು, ಗಂಟು ಸಮೇತ, ಹೊಗಳಿ ನುಂಗಿದರು. ತಿಂಗಳೊಳಗೆ ಕೈ ಪಳಗಿ, ಈಗ ನಾನು ತಿರುವಿದ್ದರಲ್ಲಿ ಅವರು ಗಂಟು ಹುಡುಕುವ ಮಟ್ಟಕ್ಕೆ ಬಂದಿದ್ದಾರೆ. ನನ್ನ ಕೈ ಸುಮಾರಾಗಿ ಸುಧಾರಿಸಿದೆ ಎಂಬುದನ್ನು ಅವರಿಗೆ ಇನ್ನೂ ಪೂರ್ತಿಯಾಗಿ ತಿಳಿಸಿಲ್ಲ.

ಕ್ಲಿನಿಕ್ಕಿನ ಕೊನೆಕೊನೆಯ ದಿನಗಳಲ್ಲಿ ಒಮ್ಮೆ ಗಮನಿಸಿದೆ. ಮೊಣಕೈಯ ಆ ಒಂದೇ ಬಿಂದುವನ್ನು ಅಡ್ಡಡ್ಡ ಒತ್ತಿ ತೀಡುವಾಗ ಹುಡುಗಿ ಬಲಗೈ ಹೆಬ್ಬೆರಳು ಬಿಟ್ಟು ಗೆಣ್ಣಿನಿಂದ ಒತ್ತುತ್ತಿದ್ದಳು. ಹೆಬ್ಬೆರಳ ಬುಡಕ್ಕೆ ಚರ್ಮದ ಬಣ್ಣದ ಟೇಪು ಸುತ್ತಿತ್ತು. ದಿನವಿಡೀ ಬೇರೆಯವರ ನೋವನ್ನು ಒತ್ತುವವರಿಗೆ ಹೆಬ್ಬೆರಳು ಹೋಗುತ್ತದಂತೆ, ಅವರ ವೃತ್ತಿಯಲ್ಲಿ ಅದು ಮಾಮೂಲಂತೆ. ಎಕ್ಸರ್‌ಸೈಜ್ ಮಾಡ್ತೀಯೇನಮ್ಮ ಎಂದರೆ ನಾಲಿಗೆ ಕಚ್ಚಿಕೊಂಡು, "ಟೈಮೇ ಸಿಗಲ್ಲ ಮೇಡಂ" ಎಂದಳು.

ಪರದೆ ಸರಿಯಿತು. ಮಂಚದ ಮೇಲೆ ಮಂಡಿಗೆ ಕರೆಂಟಿನ ಬಟ್ಟಲು ಕಚ್ಚಿಸಿಕೊಂಡೇ ಅಜ್ಜಿ ಕತ್ತು ಚಾಚಿದರು. "ಎಲ್ಲಿ, ಇತ್ಲಾಗ್ ತಾ ಕೈಯ" ಎಂದು ಆ ಹೆಬ್ಬೆರಳನ್ನು ಹಿಡಿದು, ಬುಡದಲ್ಲಿ ಸರಿಯಾಗಿ ಒತ್ತಿ, ಅವಳು "ಅಮ್ಮಾ" ಎಂದದ್ದನ್ನು ಕೇಳಿಸಿಕೊಂಡು, "ಹತ್ತಕ್ಕೆ ಎಷ್ಟೇ ಮಗ?" ಎಂದರು.

"ಏಳು ಅಜ್ಜಿ."

"ಏಳಕ್ಕೆಲ್ಲ ಕರೆಂಟು ಬ್ಯಾಡ. ಎಕ್ಕದ ಎಲೆ ತತ್ತೀನಿ ನಾಳಿಕೆ."